ಹಗೇವಿನೊಳಗೆ ಅಳೆದ ಕನ್ನಡಿ

ಕುಷ್ಟಗಿಯ ಬಿಸಿಲಿನಾಗ ಎಕ್ಸ್‌-ರೇ ಕಿರಣ ತಿರುಗಿಸುವ ಕನ್ನಡಿಯಂಥ ಸಪಾಟು ಗಾಜಿಗೆ ತರತೀನಿ ಅಂದಾಗ ಬೆಂಗಳೂರಿನ ಗೆಳೆಯ ನಕ್ಕಿದ್ದ. "ಅದು ಕ್ಲೀನ್ ರೂಮಿನ ಕೆಲಸ ಕಣಯ್ಯಾ, ನಿನ್ನ ತಗಡಿನ ಶೆಡ್ಡಿಂದಲ್ಲ." ಎರಡು ವರ್ಷ ಅವನ ಮಾತೇ ಖರೆ ಅನ್ನಿಸಿತ್ತು.

ಇಂದೋರಿನ ಇಂಡಸ್-2 ಎಂಬ ಎಕ್ಸ್-ರೇ ಹೊಮ್ಮಿಸುವ ಸಿಂಕ್ರೊಟ್ರಾನ್ ಯಂತ್ರಕ್ಕೆ ಕೊಡುವಂಥ ಮಾಲೇನಲ್ಲ ನನ್ನದು. 300 ಮಿ.ಮೀ. ಉದ್ದ, 25 ದಪ್ಪದ ಸಾದಾ ಗಾಜು. ಬಿಸಿಗೆ ಅಷ್ಟಾಗಿ ಹಿಗ್ಗದ ಕ್ವಾರ್ಟ್ಜ್ ಗಾಜಿನ ಬೆಲೆ ಕೇಳಿ ಫೋನಿಟ್ಟಿದ್ದೆ. ಮೂರು ಗಾಜು ಒಂದಕ್ಕೊಂದು ತಿಕ್ಕುವವರೆಗೆ ಎಲ್ಲ ಸಲೀಸು. ಕಾಡಿದ್ದು ಪಾಲಿಶ್. ಪಾಲಿಶ್ ಹಲಗೆಗೆ ಹಚ್ಚುವ ರಾಳದ ಅಂಟು, ಅಂದರೆ ಪಿಚ್, ಏಪ್ರಿಲ್‌ನಲ್ಲಿ ಬೆಲ್ಲದ ಪಾಕದಂತೆ ಹರಿಯಿತು. ಅದನ್ನು ಮೆದು ಮಾಡುವ ಹರಳೆಣ್ಣೆ ಕಡಿಮೆ ಮಾಡುತ್ತ ಹೋದೆ. ಎಷ್ಟಕ್ಕೆ ನಿಲ್ಲಿಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ನಡುವೆ ಬಳ್ಳಾರಿಯಿಂದ ಜೀನ್ಸ್ ತುಂಡು ತಂದು ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿ ಹಚ್ಚಿ ತಿಕ್ಕಿದೆ. ಹೊಳಪು ಒಂದೇ ತಾಸಿಗೆ ಬಂತು, ಮೈ ಮಾತ್ರ ಕಿತ್ತಳೆ ಸಿಪ್ಪೆ. ಆ ಗಾಜು ಈಗ ಅವ್ವನ ಪೂಜೆ ಕಟ್ಟೆ ಮೇಲಿದೆ.

ಅಳತೆಗೆ ಲೇಸರ್, ಜಾರುತ್ತ ಕಿರಣವನ್ನು ಕನ್ನಡಿಯ ಮೇಲೆ ಬೀಳಿಸುವ ಪೆಂಟಾಪ್ರಿಸಂ (ಐದು ಬದಿಯ ಗಾಜು), 1 ಮೀಟರ್ ಫೋಕಸ್ಸಿನ ಲೆನ್ಸು, ಮುಂದಿನ ಲೆನ್ಸ್ ಕಿತ್ತ ವೆಬ್‌ಕ್ಯಾಮ್. ಕನ್ನಡಿ 1 ಮೈಕ್ರೋರೇಡಿಯನ್ (ರೇಡಿಯನ್ ಕೋನದ ಹತ್ತು ಲಕ್ಷದಲ್ಲೊಂದು ಪಾಲು) ವಾಲಿದರೆ ಕ್ಯಾಮೆರಾ ಮೇಲಿನ ಲೇಸರ್ ಚುಕ್ಕೆ 2 ಮೈಕ್ರಾನ್ ಸರಿಯುತ್ತದೆ. ರಾತ್ರಿ ನೋಡಿದರೆ 20 ಮೈಕ್ರೋರೇಡಿಯನ್ನಿನಷ್ಟು ಉಬ್ಬು, ಅದನ್ನು ತಿಕ್ಕಿ ತೆಗೆದರೆ ಮುಂಜಾನೆ ತಗ್ಗು. ಹೀಗೆ ಎರಡು ಗಾಜು ಕೆಡಿಸಿದೆ. ಕೈಯದೇ ತಪ್ಪು ಅಂದುಕೊಂಡಿದ್ದೆ. ತಪ್ಪು ನೆತ್ತಿ ಮೇಲಿನ ಟ್ಯೂಬ್‌ಲೈಟಿನದು! ಲೆಕ್ಕ ಹಾಕಿದಾಗ ತಲೆ ತಿರುಗಿತು: ಈ ದಪ್ಪದ ಗಾಜಿನ ಮೇಲ್ಮೈಗೂ ತಳಕ್ಕೂ 0.1 ಡಿಗ್ರಿ ವ್ಯತ್ಯಾಸ ಬಂದರೂ ತುದಿಯಿಂದ ತುದಿಗೆ ಸುಮಾರು 10 ಮೈಕ್ರೋರೇಡಿಯನ್ ಬಾಗುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯನೂ ನೂರು ವಾಟಿನ ಬಲ್ಬೇ.

ಬಿಸಿಲು, ಬಲ್ಬು, ಮನುಷ್ಯ ಯಾವುದರ ಬಿಸಿಯೂ ತಾಗದ ಜಾಗ ಬೇಕಿತ್ತು. ಹಳೆ ಮನೆಯಲ್ಲಿ ಜೋಳ ತುಂಬುತ್ತಿದ್ದ ನೆಲದಡಿಯ ಹಗೇವು ಖಾಲಿ ಬಿದ್ದಿತ್ತು. ಎರಡು ದಿನ ಬಾಯಿ ತೆಗೆದಿಟ್ಟು, ಹಣತೆ ಇಳಿಸಿ, ಆರಲಿಲ್ಲ ಅಂತ ಖಾತ್ರಿಯಾದ ಮೇಲೆಯೇ ಇಳಿದೆ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಿಂದ ತಂದ ಹಲಗೆಯನ್ನು ನಾಲ್ವರು ಹಗ್ಗ ಕಟ್ಟಿ ನಿಲುವಾಗಿ ಇಳಿಸಿದೆವು. ಕನ್ನಡಿಯ ಪೆಟ್ಟಿಗೆಗೆ ಕೌದಿ ಸುತ್ತಿದಾಗ ಅವ್ವ, "ಅದೇನು ಕೂಸೇನೋ, ಕೌದಿ ಹೊದಿಸಾಕ?" ಅಂದಳು. ವೈರು ಮಾತ್ರ ಹೊರಗೆ, ಬಾಯಿ ಮುಚ್ಚಿ, ಒಂದು ಇಡೀ ದಿನ ಬಿಟ್ಟು, ಮೇಲಿನಿಂದಲೇ ಮೋಟಾರ್ ಓಡಿಸಿದೆ. ಒಮ್ಮೆ ಅಳೆದು, ಕನ್ನಡಿಯನ್ನು ತಿರುವಿಟ್ಟು ಮತ್ತೆ ಒಂದು ದಿನ ಕಾದು ಅಳೆದೆ. ಕನ್ನಡಿಯ ಜತೆ ತಿರುಗದೆ ಉಳಿದ ದೋಷ ಸಾಧನದ್ದು. ಗ್ರಾಫು ಮೊದಲ ಸಲ ಒಂದರ ಮೇಲೊಂದು ಕೂತಾಗ ರಾತ್ರಿ ಎರಡು ಗಂಟೆ.

ಈಗ ನಡುವಿನ 240 ಮಿ.ಮೀ.ನಲ್ಲಿ ಸರಾಸರಿ ದೋಷ 2 ಮೈಕ್ರೋರೇಡಿಯನ್ ಆಸುಪಾಸು, ಅಂದರೆ ಕಿಲೋಮೀಟರಿಗೆ 2 ಮಿ.ಮೀ. ತುದಿಗಳು ಇನ್ನೂ ಇಳಿಜಾರೇ. ಕೆಡಿಸಿದ್ದೂ ಸೇರಿ ಖರ್ಚು ಎಪ್ಪತ್ತು ಸಾವಿರದ ಹತ್ತಿರ ಇರಬೇಕು, ಮನೆಯಲ್ಲಿ ನಲವತ್ತು ಅಂತ ಹೇಳಿದ್ದೇನೆ.

ಮೈಕ್ರಾನಿನ ಹತ್ತು ಸಾವಿರದಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್; ಮೈಯ ಒರಟು ಎಷ್ಟು ಆಂಗ್‌ಸ್ಟ್ರಾಮ್ ಅಂತ ಅಳೆಯುವ ಸಾಧನ ನನ್ನಲ್ಲಿಲ್ಲ. ಗಾಜನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿಗೆ ಕಳಿಸಿದ್ದೇನೆ. ನಕ್ಕವನೇ ಅಳೆಯಲಿ.