ಶೋಲಾ ಕಾಡಿನಲ್ಲಿ ನೀಲಗಿರಿ ಶೋಲಾಕಿಲಿ ನೋಡುವುದು, ದಾಖಲಿಸುವುದು

ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ನೀಲಗಿರಿಯಂಥ ಪಶ್ಚಿಮ ಘಟ್ಟದ ಬೆಟ್ಟಗಳ ಶೋಲಾಗಳಲ್ಲಷ್ಟೇ (ಎತ್ತರದ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ದಟ್ಟ ಕಾಡು) ಸಿಗುವ ಈ ಹಾಡುಹಕ್ಕಿ ಅಳಿವಿನಂಚಿನಲ್ಲಿದೆ. ಚಹಾ ತೋಟ, ವಾಟಲ್ (ಒಂದು ಬಗೆಯ ಅಕೇಶಿಯ ಮರ), ನೀಲಗಿರಿ ಮರದ (ಯೂಕಲಿಪ್ಟಸ್) ತೋಪುಗಳು ಇದರ ಕಾಡನ್ನು ತುಂಡು ತುಂಡು ಮಾಡಿವೆ.

ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಬೆಳಕು ಹರಿಯುವ ಅರ್ಧ ಗಂಟೆ ಮೊದಲೇ ಕಾಡಂಚು ತಲುಪಿ. ಹಕ್ಕಿ ಹೆಚ್ಚು ಓಡಾಡುವುದು ಮುಂಜಾನೆ, ಮುಸ್ಸಂಜೆ. ಮಾಸಲು ಬಣ್ಣದ ಬಟ್ಟೆ, ಉಂಬಳಕ್ಕೆ ಉದ್ದ ಕಾಲುಚೀಲ, ನಸುಬೆಳಕಿಗೆ 42 ಮಿ.ಮೀ. ಗಾಜಿನ ಬೈನಾಕ್ಯುಲರ್ ಸಾಕು.

ಹುಡುಕುತ್ತಾ ನಡೆದರೆ ಸಿಗುವುದಿಲ್ಲ. ತೊರೆ ಪಕ್ಕದ ದಟ್ಟ ಪೊದೆಯ ಬಳಿ 20 ನಿಮಿಷ ಅಲುಗದೆ ನಿಲ್ಲಿ. ಕೊಂಬೆಗಳತ್ತ ನೋಡಬೇಡಿ, ಒದ್ದೆ ತರಗೆಲೆಯ ಮೇಲೆ ಕುಪ್ಪಳಿಸುವ, ಗುಬ್ಬಚ್ಚಿಯಷ್ಟು ಗಾತ್ರದ ಕಡುನೀಲಿ ನೆರಳನ್ನು ಗಮನಿಸಿ. ಎದೆ ನೀಲಿ, ಪಕ್ಕೆ ಇಟ್ಟಿಗೆ ಕಂದು. ಚಳಿಗಾಲದಲ್ಲಿ ಜನ ಎಡವುವುದು ಇಲ್ಲೇ: ಹಿಮಾಲಯದಿಂದ ಬರುವ ನೀಲಿ ರಾಬಿನ್ ಗಂಡಿಗೆ ಎದ್ದುಕಾಣುವ ಬಿಳಿ ಹುಬ್ಬು, ಎದೆಯೆಲ್ಲ ಕೇಸರಿಗೆಂಪು. ಹಕ್ಕಿಯ ಎದೆ ಕಾಣದಿದ್ದರೆ ಹೆಸರು ಬರೆಯದಿರುವುದೇ ಮೇಲು.

ಮೊಬೈಲಿನಲ್ಲಿ ಹಾಡು ನುಡಿಸಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಮರಿಗಳನ್ನು ಬಿಟ್ಟು ಕಾದಾಡಲು ಬರುತ್ತದೆ. ಏಪ್ರಿಲ್–ಜೂನ್‌ನಲ್ಲಿ ಗೂಡು ಮರದ ಪೊಟರೆಯಲ್ಲೋ ದಿಬ್ಬದ ಬಿಲದಲ್ಲೋ ಇರುತ್ತದೆ. ಕಂಡರೆ ಹಿಂದೆ ಸರಿಯಿರಿ, ಫ್ಲ್ಯಾಶ್ ಬೇಡ.

ಈಬರ್ಡ್‌ನಲ್ಲಿ (ಹಕ್ಕಿ ಕಂಡ ದಾಖಲೆ ಹಾಕುವ ಜಾಲತಾಣ) ಸಮಯ, ನಡೆದ ದೂರ, ಕಂಡ ಸಂಖ್ಯೆ ಹಾಕಿ. ಕೇಳಿದ್ದಷ್ಟೇ ಆದರೆ ಹಾಗೆಂದೇ ಬರೆಯಿರಿ. ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ, ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ.