‘ಫಣಿಯಮ್ಮ’ನನ್ನು ಗುಂಪಾಗಿ ಓದುವುದು ಹೇಗೆ?

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ಬದುಕನ್ನು ಹೇಳುವ ಸಣ್ಣ ಕಾದಂಬರಿ. ಒಬ್ಬರೇ ಕೂತರೆ ಒಂದು ಭಾನುವಾರಕ್ಕೆ ಮುಗಿದುಹೋಗುತ್ತದೆ. ಹಾಗೆ ಓದಿದವರಲ್ಲಿ ಹೆಚ್ಚಿನವರಿಗೆ ಉಳಿಯುವುದು ‘ಪಾಪ, ಎಂಥ ಬಾಳು’ ಎಂಬ ನಿಟ್ಟುಸಿರು. ನಾಲ್ಕು ಜನ ಸೇರಿ ಓದಿದರೆ ಅದರಿಂದಾಚೆ ಹೋಗಬಹುದು. ಫಣಿಯಮ್ಮ ಯಾರ ಮೇಲೂ ಕೂಗಾಡುವವಳಲ್ಲ, ತನಗಾಗಿ ಏನನ್ನೂ ಕೇಳುವವಳಲ್ಲ. ಆದರೂ ಇದನ್ನು ಸ್ತ್ರೀವಾದಿ ಕಾದಂಬರಿ ಎನ್ನುತ್ತೇವಲ್ಲ, ಯಾಕೆ? ಈ ಪ್ರಶ್ನೆ ಮೊದಲ ದಿನವೇ ತೀರ್ಮಾನವಾಗಿಬಿಡದಂತೆ ನೋಡಿಕೊಂಡರೆ ನಡೆಸುವವರ ಅರ್ಧ ಕೆಲಸ ಆದಂತೆ.

ಆರರಿಂದ ಎಂಟು ಜನ ಸಾಕು. ಹತ್ತು ದಾಟಿತೋ, ಮೂವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ವಾರಕ್ಕೊಂದರಂತೆ ನಾಲ್ಕು ಕೂಟ, ತಲಾ ಒಂದೂವರೆ ಗಂಟೆ. ಹದಿನೈದು ದಿನ ಬಿಟ್ಟರೆ ಹೆಸರುಗಳು ಮರೆತುಹೋಗುತ್ತವೆ. ತುಂಬಿದ ಮನೆಯ ಕತೆ, ಯಾರು ಯಾರ ಮಗ, ಯಾರ ಸೊಸೆ ಎಂಬುದೇ ಗೋಜಲು. ಒಂದು ಡ್ರಾಯಿಂಗ್ ಶೀಟಿನ ನಡುವೆ ಫಣಿಯಮ್ಮನ ಹೆಸರು ಬರೆದು, ಹೊಸಬರು ಬಂದಾಗಲೆಲ್ಲ ಪೆನ್ಸಿಲ್‌ನಲ್ಲಿ ಸೇರಿಸುತ್ತ ಹೋಗಿ. ಪೆನ್ನು ಬೇಡ, ಮೊದಲ ವಾರ ಬರೆದದ್ದರಲ್ಲಿ ಎರಡು ಮೂರು ಸಂಬಂಧ ತಪ್ಪಾಗಿಯೇ ಇರುತ್ತದೆ.

ಎಲ್ಲರ ಕೈಲೂ ಒಂದೇ ಮುದ್ರಣವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಪುಟಸಂಖ್ಯೆ ನೆಚ್ಚಬೇಡಿ; ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಆ ಭಾಗದ ಮೊದಲ ಸಾಲು ಹೇಳಿ ಗುರುತು ಮಾಡಿಸಿ. ಭಾಗ ಮಾಡುವಾಗ ಸಮಪಾಲು ನೋಡದೆ ಘಟನೆ ನೋಡಿ. ಮದುವೆಯಿಂದ ಕೇಶಮುಂಡನದವರೆಗೆ ಒಂದು ಕೂಟ, ಆಮೇಲೆ ಆ ದೊಡ್ಡ ಮನೆಯಲ್ಲಿ ಅವಳ ದುಡಿಮೆಯ ವರ್ಷಗಳಿಗೆ ಒಂದು. ತಲೆ ಬೋಳಿಸಿಕೊಳ್ಳಲು ಒಪ್ಪದ ವಿಧವೆ ದಾಕ್ಷಾಯಿಣಿಯ ಪ್ರಸಂಗವನ್ನು ಮಾತ್ರ ನಡುವೆ ಕತ್ತರಿಸಬೇಡಿ, ಇಡಿಯಾಗಿ ಒಂದೇ ದಿನಕ್ಕೆ ಬರಲಿ. ಕೊನೆಯ ಕೂಟಕ್ಕೆ ಓದುವುದು ಕಡಿಮೆ ಇಟ್ಟುಕೊಳ್ಳಿ.

ಮೊದಲ ದಿನ ಹತ್ತು ನಿಮಿಷದ ಒಂದು ಲೆಕ್ಕ ಮಾಡಿ. ಫಣಿಯಮ್ಮನ ಕಾಲ 1840ರಿಂದ 1952, ಒಟ್ಟು 112 ವರ್ಷ. ಇಂದಿರಾ ತಮ್ಮ ಬಂಧುವರ್ಗದ ಹಿರಿಯ ಹೆಣ್ಣುಮಗಳೊಬ್ಬಳ ಬದುಕನ್ನೇ ಆಧರಿಸಿ ಬರೆದದ್ದು. ಒಂಬತ್ತಕ್ಕೆ ಮದುವೆ, ಹುಡುಗ ಹಾವು ಕಡಿದು ಸತ್ತ. ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ. ಕಂಪನಿ ಆಡಳಿತದ ಪ್ರದೇಶಗಳಿಗೆ ವಿಧವಾ ವಿವಾಹದ ಕಾನೂನು ಬಂದದ್ದು 1856ರಲ್ಲಿ: ಅವಳಿಗೆ ಹದಿನಾರು. ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ ನಿಷೇಧಿಸಿದ್ದು 1894ರಲ್ಲಿ: ಐವತ್ತನಾಲ್ಕು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರದು: ಎಂಬತ್ತೊಂಬತ್ತು. ಒಂಬತ್ತು ವರ್ಷದ ಹುಡುಗಿಯ ಮದುವೆಗೆ 1894ರ ಕಾನೂನೂ ಅಡ್ಡ ಬರುತ್ತಿರಲಿಲ್ಲ ಎಂಬುದನ್ನು ಯಾರಾದರೂ ತಾವಾಗಿ ಗಮನಿಸುತ್ತಾರೆ. ನೀವೇ ಹೇಳಿಬಿಡಬೇಡಿ.

ಪ್ರತಿ ಕೂಟದಲ್ಲೂ ಅರ್ಧ ಗಂಟೆ ಗಟ್ಟಿಯಾಗಿ ಓದಿ. ಪುಟಕ್ಕೆ ಎರಡೂವರೆ, ಮೂರು ನಿಮಿಷದಂತೆ ಹತ್ತು ಹನ್ನೆರಡು ಪುಟ ಆಗುತ್ತದೆ. ಮಿಕ್ಕದ್ದನ್ನು ಮನೆಯಲ್ಲೇ ಓದಿಕೊಂಡು ಬರಬೇಕು. ತೀರ್ಥಹಳ್ಳಿ ಸೀಮೆಯ ಬ್ರಾಹ್ಮಣರ ಮನೆಮಾತು ಕಣ್ಣಲ್ಲಿ ಓದುವುದಕ್ಕಿಂತ ಕಿವಿಗೆ ಬಿದ್ದಾಗ ಚೆನ್ನ. ಮಲೆನಾಡಿನವರು ಯಾರಾದರೂ ಇದ್ದರೆ ಸಂಭಾಷಣೆ ಅವರಿಗೆ ಬಿಡಿ. ಮಡಿ, ಮೈಲಿಗೆ, ಸೂತಕ, ಪ್ರಸ್ಥ (ಗಂಡಹೆಂಡಿರನ್ನು ಮೊದಲು ಕೂಡಿಸುವ ಶಾಸ್ತ್ರ), ಸಕೇಶಿ (ತಲೆ ಬೋಳಿಸಿಕೊಳ್ಳದ ವಿಧವೆ) ಇವೆಲ್ಲ ಈಗಿನ ಇಪ್ಪತ್ತರ ಹುಡುಗರಿಗೆ ಗೊತ್ತಿರಬೇಕೆಂದಿಲ್ಲ, ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗಿ. ಹೊರದೇಶದಲ್ಲಿ ವಿಡಿಯೊ ಕರೆಯಲ್ಲಿ ಸೇರುವವರು ಓದುವವರೊಬ್ಬರನ್ನು ಬಿಟ್ಟು ಉಳಿದೆಲ್ಲರ ಮೈಕು ಮುಚ್ಚಬೇಕು. ಕನ್ನಡ ಓದಲು ಬಾರದ ಮಕ್ಕಳ ಕೈಗೆ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಕೊಡಬಹುದು, ಆದರೆ ಕೇಳುವುದು ಕನ್ನಡದಲ್ಲೇ ಇರಲಿ.

ಕೇಶಮುಂಡನದ ಭಾಗಕ್ಕೆ ಬೇರೆ ಸಿದ್ಧತೆ ಬೇಕು. ಹುಡುಗಿ ಮೈನೆರೆದ ಮೇಲೆ ತಲೆ ಬೋಳಿಸುವ ಪುಟಗಳಿವು. ಒಬ್ಬರೇ ಓದಲಿ, ನಡುವೆ ಸರದಿ ಬದಲಾಗಬಾರದು. ಯಾರು ಓದುತ್ತಾರೆಂದು ಹಿಂದಿನ ವಾರವೇ ಕೇಳಿಟ್ಟುಕೊಳ್ಳಿ; ಓದಲಾರೆ ಎಂದವರನ್ನು ಒತ್ತಾಯಿಸಬೇಡಿ. ಮುಗಿದ ಕೂಡಲೇ ‘ಹೇಗನ್ನಿಸಿತು’ ಎಂದು ಕೇಳಿದರೆ ಕಣ್ಣೀರು ಬರುತ್ತದೆ, ಮಾತು ಬರುವುದಿಲ್ಲ. ಅದರ ಬದಲು ಪುಟ ನೋಡಿ ಹೇಳಬಹುದಾದದ್ದನ್ನು ಕೇಳಿ: ಅಲ್ಲಿ ಯಾರು ಯಾರಿದ್ದಾರೆ? ಯಾರು ಒಳಗೆ ಹೋಗಿಬಿಟ್ಟರು? ಮಾತಾಡುವವರು ಯಾರು? ಹುಡುಗಿಗೆ ಎಷ್ಟು ಅರ್ಥವಾಗಿದೆ? ಕೊನೆಗೆ, ಇಲ್ಲಿ ಸಿಟ್ಟು ಯಾರದು, ಫಣಿಯದೋ ಕತೆ ಹೇಳುತ್ತಿರುವವಳದೋ? ಈ ಎರಡು ದನಿಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವುದು ಇಲ್ಲಿಂದ ರೂಢಿಯಾದರೆ ಮುಂದಿನ ಓದು ಸಲೀಸು.

ಅಲ್ಲಿಂದಾಚೆಗೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಇಡಲಿ: ಅವಳಿಂದ ಕಿತ್ತುಕೊಂಡದ್ದು ಒಂದು ಕಡೆ, ಅವಳಾಗಿಯೇ ಮಾಡಿದ್ದು ಇನ್ನೊಂದು ಕಡೆ. ಮೊದಲನೆಯದು ಬೇಗ ತುಂಬುತ್ತದೆ. ಎರಡನೆಯದು ತುಂಬುವುದು ನಿಧಾನ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ನಿಲ್ಲುವ ದಾಕ್ಷಾಯಿಣಿಗೆ ಒತ್ತಾಸೆಯಾಗುವುದು, ಮುಟ್ಟಬಾರದವಳು ಎನಿಸಿಕೊಂಡ ಹೆಣ್ಣಿನ ಹೆರಿಗೆಗೆ ಕೈಹಾಕುವುದು, ಇಂಥವು ಅಲ್ಲಿ ಬೀಳಬೇಕು. ಹೆರಿಗೆಯ ಭಾಗದಲ್ಲಿ ಅವಳು ಯಾರಿಗೆ ಹೇಳಿ ಹೋದಳು, ಬಂದ ಮೇಲೆ ಏನು ಮಾಡಿದಳು ಎಂದು ಸಾಲು ಹಿಡಿದು ನೋಡಿ. ಮಡಿಯನ್ನು ಮೀರಿದಳೋ, ಮಡಿಯೊಳಗೇ ಜಾಗ ಮಾಡಿಕೊಂಡಳೋ ಎಂಬ ವಾದ ಹುಟ್ಟುವುದು ಇಲ್ಲೇ. ಹುಟ್ಟಲಿ, ಗಡಿಯಾರ ನೋಡಿ ನಿಲ್ಲಿಸಬೇಡಿ.

ಕೂಟ ಹಳಿ ತಪ್ಪುವುದು ಹೆಚ್ಚಾಗಿ ‘ನಮ್ಮಜ್ಜಿಗೂ ಹೀಗೇ ಆಗಿತ್ತು’ ಎಂಬಲ್ಲಿ. ಆ ಕತೆಗಳು ಬೇಕು, ಆದರೆ ಪುಸ್ತಕದ ಮಾತು ಮುಗಿದ ಮೇಲೆ. ಮೊದಲ ಇಪ್ಪತ್ತು ನಿಮಿಷ ಪುಟ ತೋರಿಸದೆ ಮಾತಾಡುವಂತಿಲ್ಲ ಎಂಬ ಕಟ್ಟಳೆ ಸಾಕು. ‘ಆ ಕಾಲವೇ ಹಾಗೆ’ ಎಂದು ಮುಗಿಸುವವರಿಗೆ ದಾಕ್ಷಾಯಿಣಿಯನ್ನು ತೋರಿಸಿ, ಅವಳೂ ಅದೇ ಕಾದಂಬರಿಯವಳು. ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಇದು ಒಂದು ಜಾತಿಯ ಅಡುಗೆಮನೆಯ ಕತೆ. ಕೂಡಾವಳಿ, ಉಡಿಕೆ ಎಂದು ವಿಧವೆಯರಿಗೆ ಎರಡನೇ ಸಂಬಂಧ ಮಾಡುತ್ತಿದ್ದ ಸಮುದಾಯಗಳು ಕರ್ನಾಟಕದಲ್ಲಿ ಬೇಕಾದಷ್ಟಿದ್ದವು. ಆ ಹಿನ್ನೆಲೆಯವರು ಗುಂಪಿನಲ್ಲಿದ್ದು ಸುಮ್ಮನೆ ಕೂತಿದ್ದಾರೆಂದರೆ ‘ನಮ್ಮ ಸಂಸ್ಕೃತಿ’ ಎಂಬ ಮಾತು ಅತಿಯಾಗಿದೆ ಎಂದೇ ಅರ್ಥ.

ಪ್ರೇಮಾ ಕಾರಂತರ ಸಿನಿಮಾವನ್ನು (1983) ಮೊದಲೇ ನೋಡಬೇಡಿ. ನೋಡಿದರೆ ಮುಂದೆ ಓದುವಾಗೆಲ್ಲ ಪರದೆಯ ಮುಖವೇ ಎದುರಿಗೆ ಬಂದು ನಿಲ್ಲುತ್ತದೆ. ನಾಲ್ಕನೇ ಕೂಟ ಮುಗಿದ ಮೇಲೆ ನೋಡಿ, ಪುಸ್ತಕದಲ್ಲಿದ್ದ ಯಾವುದು ಅಲ್ಲಿಲ್ಲ ಎಂದು ಗುರುತು ಹಾಕಿಕೊಳ್ಳಿ. ಇನ್ನೂ ಓದುವ ಹುಮ್ಮಸ್ಸು ಉಳಿದಿದ್ದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಹಿಡಿಯಿರಿ. ಅಲ್ಲಿ ಗಂಡಸೊಬ್ಬ ಬರೆದ ವಿಧವೆ ವಿದ್ಯೆ ಕಲಿತು, ಮರುಮದುವೆಯಾಗುತ್ತಾಳೆ. ಇಲ್ಲಿ ಹೆಂಗಸೊಬ್ಬಳು 77 ವರ್ಷ ಕಳೆದು ಬರೆದ ವಿಧವೆಗೆ ಅಂಥ ದಾರಿಯೇ ಇಲ್ಲ. ಯಾಕಿರಬಹುದು ಎಂಬುದಕ್ಕೆ ಐದನೆಯ ಕೂಟವೇ ಬೇಕಾಗುತ್ತದೆ.