ಕಾಸರಗೋಡಿನಿಂದ ಥಾರ್‌ಗೆ ಒಬ್ಬಳೇ: ಹಳೇ ಆಲ್ಟೋ, ನಾರಿನ ಚಾಪೆ, ಕೆಟ್ಟ ನಿದ್ರೆ

ಕೆಎಲ್ 14 ನಂಬರಿನ ಹಳೇ ಆಲ್ಟೋ ಜೈಸಲ್ಮೇರಿನಾಚೆಯ ಮರಳಿಗೆ ಹೋಗಿ ತನ್ನ ಗಾಲಿಯ ಮೇಲೆಯೇ ಕುಂಬಳೆಗೆ ವಾಪಸು ಬಂದಿದೆ. ಟ್ರ್ಯಾಕ್ಟರ್ ಎಳೆಯಲಿಲ್ಲ, ಲಾರಿ ಹೊರಲಿಲ್ಲ. "ಅಕ್ಕಾ, ಈ ಗಾಡಿಯಲ್ಲಿ ಮಂಗಳೂರಿಗೆ ಹೋಗಿ ಬನ್ನಿ, ಅದೇ ದೊಡ್ಡದು" ಎಂದಿದ್ದ ಗ್ಯಾರೇಜಿನವನು ಈಗ ಮರಳಲ್ಲಿ ಗಾಲಿಯಡಿಗೆ ಹಾಸಿದ ಆ ನಾರಿನ ಚಾಪೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾನೆ. ಕೆಟ್ಟ ನಿದ್ರೆ ಸರಿಮಾಡಿಕೊಳ್ಳಲೆಂದೇ ಹೊರಟದ್ದಕ್ಕೆ ನಕ್ಕವರು ಇನ್ನೂ ಹೆಚ್ಚು. ಮನೆಯ ಮಂಚದಲ್ಲಿ ಬಾರದ್ದು ಮರಳಲ್ಲಿ ಬರುತ್ತದಾ ಎಂದು. ಬಂತು. ಆದರೆ ಮರಳು ನೋಡಿದ ಮಾತ್ರಕ್ಕೆ ಬಂದದ್ದಲ್ಲ, ಅದಕ್ಕೊಂದು ಕ್ರಮ ಇದೆ.

ಸ್ಟೆಪ್ನಿ ಹಾಕಲು, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಬರುವವರಿಗೆ, ಅದರಲ್ಲೂ ನಿದ್ರೆ ಕೆಟ್ಟವರಿಗೆ ಇದನ್ನು ಬರೆಯುತ್ತಿದ್ದೇನೆ. ವರ್ಷಗಟ್ಟಲೆ ರೋಗಿಯ ಆರೈಕೆ ಮಾಡಿ ಸೊರಗಿದವರು, ಮನೆಯಲ್ಲಿ ಸಾವಾದ ಮೇಲೆ ರಾತ್ರಿ ಎರಡಕ್ಕೇ ಎದ್ದು ಕೂರುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ನಿಮಗೇ ಗೊತ್ತು.

ಕಾಲ ಎಂದರೆ ನವೆಂಬರ್ ನಡುವಿನಿಂದ ಫೆಬ್ರವರಿ. ಡಿಸೆಂಬರ್ ಕೊನೆಯ ವಾರ ಬೇಡವೇ ಬೇಡ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರಿನಲ್ಲಿ ಮರು ಉತ್ಸವ, ಆಗಲೂ ರೂಮಿಗೆ ಕೇಳಿದ್ದೇ ರೇಟು. ಅಮಾವಾಸ್ಯೆಯ ಆಚೀಚಿನ ವಾರ ಹಿಡಿಯಿರಿ.

ದೂರ ಸುಮಾರು 2,000 ಕಿ.ಮೀ. ಪನ್ವೇಲ್‌ವರೆಗೆ 66ನೇ ಹೆದ್ದಾರಿ, ಅಲ್ಲಿಂದ ಅಹಮದಾಬಾದಿಗೆ 48, ಮುಂದೆ ಮೆಹಸಾಣಾ, ಥರಾದ್, ಸಾಂಚೋರ್, ಬಾಡ್ಮೇರ್. ದಿನಕ್ಕೆ 350 ಕಿ.ಮೀ. ಮೀರಬೇಡಿ. ಆರುನೂರು ಓಡಿಸಬಹುದು, ಓಡಿಸುವವರಿದ್ದಾರೆ, ಆದರೆ ಆ ರಾತ್ರಿ ಕಣ್ಣು ಮುಚ್ಚಿದರೂ ರಸ್ತೆಯೇ ಓಡುತ್ತಿರುತ್ತದೆ. ನಿದ್ರೆಗೆಂದು ಹೊರಟವರು ನಿದ್ರೆ ಕೆಡಿಸಿಕೊಂಡು ಮುಟ್ಟಿದರೆ ಏನು ಬಂತು? ಸೂರ್ಯ ಹುಟ್ಟಿದ ಮೇಲೆ ಹೊರಡುವುದು, ನಾಲ್ಕೂವರೆಗೆ ನಿಲ್ಲಿಸುವುದು. ಬಾಡ್ಮೇರ್ ದಾಟಿದ ಮೇಲೆ ಕತ್ತಲಾದರೆ ದನ, ಒಂಟೆ ನಡುರಸ್ತೆಯಲ್ಲಿರುತ್ತವೆ. ಒಂಟೆಯ ಕಾಲು ಮಾತ್ರ ಹೆಡ್‌ಲೈಟಿಗೆ ಬೀಳುತ್ತದೆ, ಮೈ ಬಾನೆಟ್ಟಿಗಿಂತ ಮೇಲೆ. ಗುದ್ದಿದರೆ ಅದು ಬರುವುದು ಗಾಜಿನ ಮೇಲೆ.

ಪೆಟ್ರೋಲ್ ಗೋವಾ, ಗುಜರಾತಿನಲ್ಲಿ ಅಗ್ಗ. ರಾಜಸ್ಥಾನಕ್ಕೆ ದಾಟುವ ಮುಂಚೆ ಥರಾದಿನಲ್ಲೇ ಫುಲ್ ಮಾಡಿಸಿ. ತನೋಟ್ ಕಡೆ ಹೋಗುವುದಿದ್ದರೆ ಜೈಸಲ್ಮೇರ್ ಬಿಡುವಾಗ ಟ್ಯಾಂಕ್ ತುಂಬಿರಬೇಕು, ಹೋಗಿ ಬರಲು 240 ಕಿ.ಮೀ. ಆಗುತ್ತದೆ. ಅಲ್ಲಿಂದಾಚೆ ಗಡಿಯ ಬದಿಗೆ ಬಿಎಸ್‌ಎಫ್ ಅನುಮತಿ ಬೇಕು, ಮೂಲ ಆಧಾರ್ ಕೈಯಲ್ಲಿರಲಿ.

ಈಗ ಮರಳಿನ ವಿಷಯ. ಆಲ್ಟೋ ದಿಬ್ಬ ಹತ್ತುವುದಿಲ್ಲ, ಹತ್ತಿಸಲೂ ಬೇಡಿ. ನಮಗೆ ಬೇಕಾದದ್ದು ಡಾಮರಿನಿಂದ ಢಾಣಿಗೆ, ಅಂದರೆ ಮರುಭೂಮಿಯ ನಾಲ್ಕೈದು ಮನೆಗಳ ಹಳ್ಳಿಗೆ, ಹೋಗುವ ಒಂದೆರಡು ಕಿಲೋಮೀಟರ್ ಮಣ್ಣುದಾರಿ. ಟೈರಿನ ಗಾಳಿ 32 ಪಿಎಸ್‌ಐನಿಂದ 18ಕ್ಕೆ ಇಳಿಸಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಜಾರುತ್ತದೆ, ಆಮೇಲೆ ಸಣ್ಣ ಕಂಪ್ರೆಸರ್‌ನಲ್ಲಿ ಅದನ್ನು ಕೂರಿಸಲಾಗದು. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಉಬ್ಬುತ್ತದೆ, ವಿಲಾಯತಿ ಬಬೂಲಿನ ಮುಳ್ಳು ಅಲ್ಲಿಗೇ ಚುಚ್ಚುತ್ತದೆ. ಪಂಕ್ಚರ್ ಬತ್ತಿಗೆ ಅಲ್ಲಿ ಕೆಲಸ ಇಲ್ಲ, ಟೈರೇ ಹೋಯಿತು. ಆದ್ದರಿಂದ ಬೇಲಿಯ ಬದಿ ಬಿಟ್ಟು ನಡುವಿನಲ್ಲಿ ಓಡಿಸಿ.

ಎರಡನೇ ಗೇರು, ಒಂದೇ ಹದದ ಆಕ್ಸಿಲರೇಟರ್. ನಿಲ್ಲಬೇಕಾದರೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಬ್ರೇಕ್ ಒತ್ತಿದರೆ ಗಾಲಿಯ ಮುಂದೆ ಮರಳಿನ ಗುಪ್ಪೆ ಏಳುತ್ತದೆ. ಗಾಲಿ ಒಂದು ಸುತ್ತು ಸುಮ್ಮನೆ ತಿರುಗಿತೆಂದರೆ ಕಾಲು ತೆಗೆಯಿರಿ. ಇನ್ನೂ ಒತ್ತಿದರೆ ಹೊಟ್ಟೆ ಮರಳಿಗೆ ಕೂರುತ್ತದೆ. ಬಂದ ಗಾಲಿಯ ಗುರುತಿನಲ್ಲೇ ರಿವರ್ಸ್ ಹೋಗುವುದು ಮೊದಲ ಉಪಾಯ, ಮುಕ್ಕಾಲು ಪಾಲು ಸಲ ಅಷ್ಟೇ ಸಾಕು. ಬೆಳಗ್ಗೆ ಎಂಟರೊಳಗೆ ಇಬ್ಬನಿಯಿಂದ ಮರಳು ಸ್ವಲ್ಪ ಗಟ್ಟಿ, ಹೊರಬರುವ ಕೆಲಸ ಆಗಲೇ ಮುಗಿಸಿ.

ಗಾಲಿಯಡಿಗೆ ಏನು ಹಾಸುವುದು ಎಂಬುದನ್ನು ಹೊರಡುವ ಮುಂಚೆ ನಮ್ಮ ಕಡಲ ತಡಿಯ ಒಣಮರಳಿನಲ್ಲೇ ನೋಡಿದ್ದೆ. ಅಡಿಕೆ ಹಾಳೆ ಒಣಗಿದ್ದರೆ ಟೈರು ಅದನ್ನು ಹಿಂದಕ್ಕೆ ಉಗಿಯುತ್ತದೆ, ನೆನೆಸಿದರೆ ಇನ್ನೂ ಜಾರುತ್ತದೆ. ತೆಂಗಿನ ಮಡಲಿನ ಗರಿ ಹರಿದು ದಂಡು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗೋಣಿ ಎಲ್ಲಕ್ಕಿಂತ ಕೆಟ್ಟದ್ದು, ಆಕ್ಸಿಲ್ಲಿಗೆ ಸುತ್ತಿಕೊಂಡರೆ ಕತ್ತರಿ ಹಿಡಿದು ಅಡಿಗೆ ಮಲಗಬೇಕು. ನಿಂತದ್ದು ತೆಂಗಿನ ನಾರಿನ ದಪ್ಪ ಚಾಪೆ, ಒಂದೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದದ ಎರಡು ತುಂಡು. ಮುಂದಿನ ಗಾಲಿಯೇ ಎಳೆಯುವ ಗಾಡಿಯಾದ್ದರಿಂದ ಚಾಪೆ ಮುಂದಿನವಕ್ಕೆ. ಮೊದಲು ಸಲಿಕೆಯಿಂದ ಇಳಿಜಾರಾಗಿ ಕೆದಕಿ, ಚಾಪೆಯ ತುದಿಯನ್ನು ಟೈರಿನಡಿಗೆ ನುಗ್ಗಿಸಿ, ಕ್ಲಚ್ ಮೆಲ್ಲಗೆ ಬಿಡಿ. ಥಾರಿನ ದಿಬ್ಬದ ಮರಳು ನಮ್ಮ ಕಡಲಿನದಕ್ಕಿಂತ ನಯ, ಆದರೂ ಚಾಪೆ ಕೈಬಿಡಲಿಲ್ಲ. ಗಾಡಿ ಮೇಲೆದ್ದು ಹೋದಾಗ ಚಾಪೆ ಹಿಂದೆ ಉಳಿಯದಂತೆ ಹಗ್ಗ ಕಟ್ಟುವ ಒಂದು ಬಗೆ ಇದೆ. ಅದು ಸದ್ಯ ನನ್ನಲ್ಲೇ ಇರಲಿ.

ಇಳಿಸಿದ ಗಾಳಿ ಮತ್ತೆ ತುಂಬಲು ಕಂಪ್ರೆಸರ್ ಅಗ್ಗದ್ದೇ ಸಾಕು, ಸಾವಿರದಿನ್ನೂರೋ ಮುನ್ನೂರೋ ಕೊಟ್ಟ ನೆನಪು. ಸಿಗರೇಟ್ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸ್ ಹಾರುತ್ತದೆ, ಬ್ಯಾಟರಿಗೇ ಕ್ಲಿಪ್ ಹಾಕಿ, ಎಂಜಿನ್ ಚಾಲೂ ಇಟ್ಟು ತುಂಬಿಸಿ. ಎರಡು ಟೈರಿಗೊಮ್ಮೆ ಹತ್ತು ನಿಮಿಷ ಆರಲು ಬಿಡದಿದ್ದರೆ ಸುಡುತ್ತದೆ. ಏರ್ ಫಿಲ್ಟರ್ ವಾರಕ್ಕೊಮ್ಮೆ ತೆಗೆದು ತಟ್ಟಿ, ಕಾಗದದ್ದನ್ನು ತೊಳೆಯಬೇಡಿ. ತನೋಟ್ ದಾರಿಯಲ್ಲಿ ಗಾಳಿ ಡಾಮರಿನ ಮೇಲೇ ಮರಳು ಹಾಸಿರುತ್ತದೆ. ದೂರದಿಂದ ಏನೂ ಅನ್ನಿಸದು, ಎಂಬತ್ತರಲ್ಲಿ ನುಗ್ಗಿದರೆ ಸ್ಟೇರಿಂಗ್ ಕಿತ್ತುಕೊಳ್ಳುತ್ತದೆ. ಬ್ರೇಕ್ ಏನಿದ್ದರೂ ಮರಳು ಸಿಗುವ ಮುಂಚೆ.

ಮೈಯ ವಿಷಯ ಕರಾವಳಿಯವರಿಗೆ ಬೇರೆಯೇ. ಅಲ್ಲಿ ಬೆವರು ಕಾಣುವ ಮುಂಚೆ ಆರಿಹೋಗುತ್ತದೆ, ಬಾಯಾರಿಕೆಯನ್ನು ನಂಬಿ ಕೂರಬಾರದು. ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ ಕುಡಿಯಿರಿ, 20 ಲೀಟರ್ ಕ್ಯಾನ್ ಸದಾ ತುಂಬಿರಲಿ. ಕೊಳವೆಬಾವಿಯ ನೀರು ಹೆಚ್ಚಿನ ಕಡೆ ಉಪ್ಪುಪ್ಪು, ಬೇಳೆಯೂ ಬೇಯದು. ಮೂಗಿನೊಳಗೆ ಒಣಗಿ ರಕ್ತ ಬಂದರೆ ತೆಂಗಿನೆಣ್ಣೆ ಸವರಿ. ರಾತ್ರಿ ಏಳೆಂಟು ಡಿಗ್ರಿಗೆ ಇಳಿದಾಗ ಬಾಟಲಿಯೊಳಗೆ ಅದು ಬೆಳ್ಳಗೆ ಗಟ್ಟಿ, ಆದ್ದರಿಂದ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಕುಚ್ಚಲಕ್ಕಿ ಹತ್ತು ನಿಮಿಷ ಕುದಿಸಿ, ಕುದಿನೀರಿನ ಸಮೇತ ಫ್ಲಾಸ್ಕಿಗೆ ಸುರಿದು ಮುಚ್ಚಿಟ್ಟರೆ ಬೆಳಗ್ಗೆ ಗಂಜಿ. ಮಿಡಿ ಉಪ್ಪಿನಕಾಯಿ ಮನೆಯದ್ದು.

ಶೌಚಕ್ಕೆ ಮರೆ ಇಲ್ಲದ ಬಯಲು. ನಮ್ಮ ದೊಡ್ಡ ಮಳೆಗಾಲದ ಕೊಡೆ ಮತ್ತು ಗಾಡಿಯ ತೆರೆದ ಬಾಗಿಲು, ಎರಡು ಸೇರಿದರೆ ಮರೆಯಾಯಿತು. ಢಾಣಿಯಲ್ಲಿ ಮೊದಲು ಹೆಂಗಸರನ್ನು ಮಾತಾಡಿಸಿ, ಉಳಿಯುವ ಮಾತು ಅವರಿಂದಲೇ ಶುರುವಾಗಲಿ. ಜೈಸಲ್ಮೇರಿನಿಂದ ಸಾಮ್‌ನ ಮರಳುದಿಬ್ಬಗಳಿಗೆ ಹೋಗುವಾಗ ಬೈಕಿನಲ್ಲಿ ಅಟ್ಟಿಸಿಕೊಂಡು ಬರುವ ಕ್ಯಾಂಪ್ ದಲ್ಲಾಳಿಗಳಿಗೆ ಗಾಜು ಇಳಿಸಬೇಡಿ. ನಾನು ಉಳಿದ ಢಾಣಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ.

ನಿದ್ರೆಯ ಕ್ರಮ ಇಷ್ಟೇ: ಒಂದೇ ಜಾಗದಲ್ಲಿ ಕಡಿಮೆಯೆಂದರೆ ನಾಲ್ಕು ರಾತ್ರಿ. ಕುಲಧರಾ, ಆಕಲ್, ಕೋಟೆ ಎಂದು ದಿನಕ್ಕೊಂದು ಸುತ್ತಿದರೆ ಅದು ಟೂರು. ಮೊದಲೆರಡು ರಾತ್ರಿ ಯಾರಿಗೂ ನಿದ್ರೆ ಹತ್ತದು. ಜೀರುಂಡೆ, ಫ್ಯಾನು, ಮಳೆ ಕೇಳಿ ಬೆಳೆದ ಕಿವಿಗೆ ಆ ಮೌನ ಚುಚ್ಚುತ್ತದೆ. ಮನೆಯ ಫ್ಯಾನಿನ ಸದ್ದು ರೆಕಾರ್ಡ್ ಮಾಡಿ ಒಯ್ದು ಹಾಕಿ ನೋಡಿದೆ. ಕಣ್ಣು ಹತ್ತಿತು ನಿಜ, ಎರಡಕ್ಕೆ ಸರಿಯಾಗಿ ಎಚ್ಚರವೂ ಆಯಿತು, ಮನೆಯಲ್ಲಿ ಆಗುವ ಹಾಗೆಯೇ. ಸದ್ದು ಬಿಟ್ಟ ಮೇಲೆಯೇ ಬೆಳಗಿನವರೆಗಿನ ನಿದ್ರೆ. ಬೆಳಗ್ಗೆ ಹೊರಡುವಾಗ ಒಂದು, ಸಂಜೆ ನಿಂತಾಗ ಒಂದು ಮೆಸೇಜು, ಅದೂ ಒಬ್ಬರಿಗೇ, ಉಳಿದ ಹೊತ್ತು ಡೇಟಾ ಆಫ್. ಮನೆಯ ಗ್ರೂಪಿಗೆ ಫೋಟೊ ಹಾಕಿದರೆ ಮನೆಯೇ ಹಿಂದಿನ ಸೀಟಿನಲ್ಲಿ ಬಂದು ಕೂರುತ್ತದೆ. ಹೊಟ್ಟೆಗೆ ಯಾವಾಗ ಹಸಿವಾಗುತ್ತದೆ, ಯಾವ ಮಾತಿಗೆ ಸಿಟ್ಟು ಬರುತ್ತದೆ ಎಂಬುದೆಲ್ಲ ಇನ್ನೊಬ್ಬರ ಮಾತ್ರೆಯ ಸಮಯಕ್ಕೆ ನಡೆಯುತ್ತಿದ್ದವರಿಗೆ ಅದು ತನ್ನದೇ ಸಮಯಕ್ಕೆ ತಿಳಿಯುವುದು ಆ ನಾಲ್ಕು ದಿನಗಳಲ್ಲಿ. ಡಾಕ್ಟರು ಕೊಟ್ಟ ಮಾತ್ರೆ ಇದ್ದರೆ ನಿಲ್ಲಿಸಬೇಡಿ. ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮರುದಿನ ಗಾಡಿ ಓಡಿಸಬಹುದೇ ಎಂದು ಕೇಳಿಯೇ ಹೊರಡಿ.

ದುಡ್ಡು: ಪೆಟ್ರೋಲಿಗೆ ಇಪ್ಪತ್ತೈದು ಸಾವಿರದ ಹತ್ತಿರ, ಟೋಲ್ ಐದು, ರೂಮು ಮತ್ತು ಊಟ ಹದಿನೆಂಟು ಇಪ್ಪತ್ತು, ಹೊಸ ಟೈರು ಎರಡು ಮತ್ತು ಸರ್ವಿಸ್ ಸೇರಿ ಹನ್ನೆರಡು. ಪ್ಯಾಕೇಜಿನವರು ಬರೀ ಟೆಂಟಿಗೆ ಒಂದು ರಾತ್ರಿಗೆ ಕೇಳಿದ ಹಣದಲ್ಲಿ ನನಗೆ ಮೂರು ರಾತ್ರಿ ಕಳೆದಿತ್ತು.

ವಾಪಸು ಬರುವಾಗ ಕಚ್ಛಿನ ಕಡೆ ತಿರುಗಿ ಖಾವ್ಡಾ–ಧೋಲಾವೀರಾ ರಸ್ತೆ ನೋಡಬಹುದು, ಎರಡೂ ಬದಿ ಬಿಳಿ ರಣ, ಅಂದರೆ ಉಪ್ಪಿನ ಬಯಲು. ಗಾಡಿ ಡಾಮರು ಬಿಟ್ಟು ಇಳಿಯಬಾರದು. ಹಿಮ್ಮಡಿ ಒತ್ತಿ ನೋಡಿ, ಉಪ್ಪಿನ ಪದರದಡಿ ಕಪ್ಪು ಕೆಸರು ಜಿನುಗುತ್ತದೆ, ಅಲ್ಲಿ ನಾರಿನ ಚಾಪೆಯೂ ಮುಳುಗುತ್ತದೆ. ಉಪ್ಪು ಹೋಗಲು ಭುಜ್‌ನಲ್ಲಿ ನಾನೂರು ಕೊಟ್ಟು ಅಡಿಭಾಗ ಪ್ರೆಶರ್ ವಾಶ್ ಮಾಡಿಸಿ, ಗಾಲಿಯ ಕಮಾನಿನ ಒಳಗೂ ನೀರು ಬಿಡಲು ಹೇಳಿ. ನಿಂತು ನೋಡದಿದ್ದರೆ ಅಲ್ಲಿ ಬಿಡುವುದಿಲ್ಲ.